ರೈಲಿಗೂ ಹಡಗಿಗೂ ನಡುವಿನ ನಡಿಗೆ

(ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ಬ್ಯೂಟ್ ದ್ವೀಪಕ್ಕೆ ಒಂದು ದಿನದ ಪ್ರವಾಸ ಹೊರಡುವ ಮುಂಚಿನ ವಾರ ಸೇರಿದ್ದಾಗ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ಬರಹಕ್ಕೆ ಇಳಿಸಿದ್ದು.)

ಮೊದಲು ಹೆಸರು ಸರಿಮಾಡಿಕೊಳ್ಳೋಣ. ಶನಿವಾರ ನಾವು ಹತ್ತುವ ರೈಲಿನ ಫಲಕವನ್ನು ಅಕ್ಷರ ಅಕ್ಷರವಾಗಿ ಓದಿದರೆ ‘ವೆಮಿಸ್’ ಎಂದೋ ‘ವೆಮ್ಯಿಸ್’ ಎಂದೋ ಆಗುತ್ತದೆ. ಊರಿನವರು ಹೇಳುವುದು ವೀಮ್ಸ್ ಬೇ. ಅಲ್ಲಿಂದ ಹಡಗು ಹತ್ತಿ ಇಳಿಯುವ ಬ್ಯೂಟ್ ದ್ವೀಪದ ಊರಿನ ಹೆಸರಿನ ಕೊನೆಗೆ ‘ಸೇ’ ಎಂದಿದೆ, ಆದರೆ ಬಾಯಲ್ಲಿ ಅದು ರಾಥ್ಸಿ. ಬರೆದದ್ದನ್ನೇ ಓದಿ, ಓದಿದ್ದನ್ನೇ ಬರೆದು ಬೆಳೆದ ನಮಗೆ ಇದು ಶುದ್ಧ ಮೋಸ. ನಾನು ಮೊದಲ ಸಲ ಟಿಕೆಟ್ ಕೇಳಿದಾಗ ಕಿಟಕಿಯಾಚೆಯ ಹೆಂಗಸು ಎರಡು ಸಲ ‘ಏನು?’ ಎಂದರು. ಮೂರನೆಯ ಸಲ ಕಾಗದದ ಮೇಲೆ ಬರೆದು ತೋರಿಸಿದೆ.

ಆ ಮೊದಲ ಸಲದ ಇನ್ನೊಂದು ಸಂಗತಿಯಿಂದಲೇ ಈ ಮಾತು ಹುಟ್ಟಿತು. ರೈಲು ಐದಾರು ನಿಮಿಷ ತಡವಾಗಿತ್ತು. ಹಡಗು ತಪ್ಪಿಹೋಗುತ್ತದೆ ಎಂಬ ಗಾಬರಿ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಅಕ್ಕನ ಮಗಳು. ಇಳಿದವನೇ ‘ಹಡಗಿಗೆ ದಾರಿ’ ಎಂದು ಎಲ್ಲಿ ಬರೆದಿದೆಯೋ ಎಂದು ಹುಡುಕುತ್ತ ಓಡಿದೆ. ಬೋರ್ಡು ಕಣ್ಣಿಗೆ ಬೀಳುವ ಮೊದಲೇ ಹಡಗಿನ ಮುಂದೆ ನಿಂತಿದ್ದೆ. ಚಕ್ರದ ಪೆಟ್ಟಿಗೆ ನನಗಿಂತ ಒಂದು ಹೆಜ್ಜೆ ಮುಂದೆ ತಾನೇ ಉರುಳುತ್ತಿತ್ತು. ಹಡಗಿನ ಮೇಲೆ ಕುಳಿತು ಉಸಿರು ಸರಿಯಾದ ಮೇಲೆ, ನನ್ನನ್ನು ಇಲ್ಲಿಗೆ ಕರೆತಂದದ್ದು ಯಾರು ಎಂದು ಯೋಚಿಸಿದೆ. ಯಾರೂ ದಾರಿ ತೋರಿಸಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಆ ಕಟ್ಟಡವೇ ನನ್ನನ್ನು ಕೈಹಿಡಿದು ಇಳಿಸಿತ್ತು. ಅದನ್ನು ಕಟ್ಟಿದವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನನ್ನಂಥ ಗಾಬರಿಗೊಂಡವನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಗೆರೆ ಎಳೆದಿದ್ದರು.

ಈ ನಿಲ್ದಾಣದ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಒಂದೇ ವಿಷಯದ ಚರಿತ್ರೆ: ರೈಲು ಇಳಿದ ಜಾಗಕ್ಕೂ ಹಡಗು ಹತ್ತುವ ಜಾಗಕ್ಕೂ ನಡುವೆ ಎಷ್ಟು ನಡೆಯಬೇಕು, ಹೇಗೆ ನಡೆಯಬೇಕು. ಹಣ, ಜಗಳ, ಪೈಪೋಟಿ, ಸೌಂದರ್ಯ ಎಲ್ಲವೂ ಆ ಕೆಲವು ನೂರು ಹೆಜ್ಜೆಗಳ ಸುತ್ತಲೇ ನಡೆದಿವೆ.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1812ರಲ್ಲಿ ಹೆನ್ರಿ ಬೆಲ್ ಎಂಬಾತ ‘ಕಾಮೆಟ್’ ಎಂಬ ಪುಟ್ಟ ಉಗಿ ದೋಣಿಯನ್ನು ಕ್ಲೈಡ್ ನದಿಗೆ ಇಳಿಸಿದ. ಪ್ರಯಾಣಿಕರನ್ನು ಹೊತ್ತು ವ್ಯಾಪಾರಕ್ಕಾಗಿ ಓಡಿದ ಉಗಿ ಹಡಗು ಯುರೋಪಿನಲ್ಲಿ ಅದೇ ಮೊದಲು. ಬೆಲ್ಲನಿಗೆ ನದಿಯ ಕೆಳಗಡೆ ಹೆಲೆನ್ಸ್‌ಬರೋದಲ್ಲಿ ಒಂದು ಹೋಟೆಲು ಇತ್ತು. ಗಿರಾಕಿಗಳು ಬರಬೇಕಲ್ಲ, ಅದಕ್ಕೆ ಹಡಗು. ಎಂಜಿನಿಯರಿಂಗಿನ ದೊಡ್ಡ ಸಾಹಸಗಳ ಹಿಂದೆ ಎಷ್ಟೋ ಸಲ ಇಂಥ ಹೋಟೆಲಿನ ಲೆಕ್ಕಾಚಾರ ಇರುತ್ತದೆ. ಒಂದೆರಡು ದಶಕಗಳಲ್ಲಿ ನದಿಯ ತುಂಬ ಹೊಗೆಕೊಳವೆಗಳಾದವು. ಗ್ಲಾಸ್ಗೋದ ಜನ ಬೇಸಿಗೆಯಲ್ಲಿ ಹಡಗು ಹತ್ತಿ ನದಿ ಸಮುದ್ರವಾಗುವ ಕಡೆಗೆ ಹೊರಡುವುದು ರೂಢಿಯಾಯಿತು. ಅದಕ್ಕೆ ಅವರ ಮಾತಿನಲ್ಲಿ ‘ಡೂನ್ ದ ವಾಟರ್’ ಎನ್ನುತ್ತಾರೆ, ನೀರಿನ ಹಾದಿಯಲ್ಲಿ ಕೆಳಕ್ಕೆ ಹೋಗುವುದು. ಇಂದಿಗೂ ಇಲ್ಲಿನ ಹಿರಿಯರ ಎದುರು ಆ ಮೂರು ಶಬ್ದ ಹೇಳಿ ನೋಡಿ, ಮುಖ ಅರಳುತ್ತದೆ.

ಆದರೆ ಆಗಿನ ಕ್ಲೈಡ್ ನಾವು ಇಂದು ಸೇತುವೆ ಮೇಲೆ ನಿಂತು ಫೋಟೋ ತೆಗೆಯುವ ನದಿಯಲ್ಲ. ನಗರದ ಕೊಳಚೆಯೆಲ್ಲ ನೇರ ಅದರೊಳಗೆ. ಬೇಸಿಗೆಯಲ್ಲಿ ಮೂಗು ಮುಚ್ಚಿಕೊಂಡು ಹಡಗಿನಲ್ಲಿ ಕುಳಿತಿರಬೇಕು. 1841ರಲ್ಲಿ ಗ್ಲಾಸ್ಗೋದಿಂದ ಗ್ರೀನಕ್‌ಗೆ ರೈಲು ಬಂದಾಗ ಜನರಿಗೆ ಎರಡು ಲಾಭ: ಸಮಯವೂ ಉಳಿಯಿತು, ನಾತವೂ ತಪ್ಪಿತು. ಗ್ರೀನಕ್‌ವರೆಗೆ ರೈಲು, ಅಲ್ಲಿಂದ ಹಡಗು.

ಇಲ್ಲಿ ಆ ನಡಿಗೆ ಬಂತು ನೋಡಿ. ಗ್ರೀನಕ್ ನಿಲ್ದಾಣದಿಂದ ಧಕ್ಕೆಗೆ ದೂರ ಕೆಲವೇ ನೂರು ಗಜ. ಆದರೆ ಆ ಕೆಲವು ನೂರು ಗಜ ಊರಿನ ಅತ್ಯಂತ ಇಕ್ಕಟ್ಟಾದ, ಕೊಳಕಾದ ಓಣಿಗಳ ಮೂಲಕ. ಹೆಂಡದಂಗಡಿಗಳು, ಬಂದರಿನ ಕೆಸರು, ಮೇಲಿನಿಂದ ಮಳೆ. ಗ್ರೀನಕ್‌ನ ಮಳೆಯ ಬಗ್ಗೆ ನಾನು ಹೇಳಬೇಕಾಗಿಲ್ಲ, ಇಲ್ಲಿ ಕುಳಿತವರಲ್ಲಿ ಮೂವರು ಅಲ್ಲಿ ಕೆಲಸಕ್ಕೆ ಹೋಗುತ್ತೀರಿ. ಒಳ್ಳೆಯ ಬಟ್ಟೆ ಹಾಕಿಕೊಂಡು, ಮಕ್ಕಳನ್ನೂ ಗಂಟುಮೂಟೆಗಳನ್ನೂ ಹೊತ್ತುಕೊಂಡು ಆ ಓಣಿಗಳಲ್ಲಿ ಓಡಬೇಕು. ಸಂಜೆ ಕಚೇರಿ ಮುಗಿಸಿ ಸಮುದ್ರದಂಡೆಯ ಮನೆಗೆ ಹೋಗುವ ಹಣವಂತ ವ್ಯಾಪಾರಿಗಳಿಗೂ ಅದೇ ಗತಿ. ಮುಂದಿನ ಅರವತ್ತು ವರ್ಷ ರೈಲು ಕಂಪನಿಗಳು ಒಂದರ ಮೇಲೊಂದು ಹಣ ಸುರಿದದ್ದು ಈ ನಡಿಗೆಯನ್ನು ತಪ್ಪಿಸುವುದಕ್ಕೆ ಎಂದರೆ ಹೆಚ್ಚು ತಪ್ಪಾಗುವುದಿಲ್ಲ.

ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಲೈಡ್ ಗ್ಲಾಸ್ಗೋದಿಂದ ಪಶ್ಚಿಮಕ್ಕೆ ಹರಿದು, ಗ್ರೀನಕ್ ದಾಟಿ, ಗೂರಕ್ ದಾಟಿ, ಮೊಣಕೈ ಮಡಿಸಿದ ಹಾಗೆ ದಕ್ಷಿಣಕ್ಕೆ ತಿರುಗುತ್ತದೆ. ಗ್ರೀನಕ್‌ನಿಂದ ಹೊರಟ ಹಡಗು ಈ ಇಡೀ ಮೊಣಕೈಯನ್ನು ಸುತ್ತಿಕೊಂಡು ಬ್ಯೂಟ್ ದ್ವೀಪಕ್ಕೆ ಹೋಗಬೇಕು. ಅದರ ಬದಲು ರೈಲೇ ಗುಡ್ಡ ಹತ್ತಿ ಆಚೆ ಇಳಿದುಬಿಟ್ಟರೆ? ಮೊಣಕೈಯ ಕೆಳಗಡೆ, ರಾಥ್ಸಿಗೆ ಬಹುಮಟ್ಟಿಗೆ ಎದುರಾಗಿ, ಒಂದು ಸಣ್ಣ ಕೊಲ್ಲಿ ಇತ್ತು. ಕೆಲವು ಶ್ರೀಮಂತರ ಬಂಗಲೆಗಳನ್ನು ಬಿಟ್ಟರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಅದೇ ವೀಮ್ಸ್ ಬೇ. ಗ್ರೀನಕ್ ಅಂಡ್ ವೀಮ್ಸ್ ಬೇ ರೈಲ್ವೆಗೆ 1862ರಲ್ಲಿ ಸಂಸತ್ತಿನ ಅನುಮತಿ ದೊರೆಯಿತು. 1865ರ ಮೇ 15ರಂದು ರೈಲು ಓಡಿತು. ಪೋರ್ಟ್ ಗ್ಲಾಸ್ಗೋದಲ್ಲಿ ಮುಖ್ಯ ಹಳಿಯಿಂದ ಕವಲೊಡೆದು, ಗ್ರೀನಕ್‌ನ ಬೆನ್ನಿನ ಗುಡ್ಡವೇರಿ, ಬೋಳು ಬಯಲು ದಾಟಿ, ಇನ್ವರ್ಕಿಪ್ ಮೂಲಕ ಸಮುದ್ರಕ್ಕೆ ಇಳಿಯುವ ಸುಮಾರು ಹತ್ತು ಮೈಲಿ. ಶನಿವಾರ ನಾವು ಹೋಗುವುದೂ ಅದೇ ಹಾದಿ. ಪೋರ್ಟ್ ಗ್ಲಾಸ್ಗೋ ಬಿಟ್ಟ ಕೂಡಲೇ ಎಂಜಿನ್ ದನಿ ಬದಲಾಗುವುದನ್ನು ಮಕ್ಕಳಿಗೆ ಕೇಳಿಸಿ. ಬಲಗಡೆ ಕುಳಿತರೆ ಇಡೀ ಕ್ಲೈಡ್ ಕೆಳಗೆ ಕಾಣುತ್ತದೆ.

ಬಂಗಲೆ ಎಂದೆನಲ್ಲ, ಅವುಗಳಲ್ಲೊಂದರ ಯಜಮಾನನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೆಲ್ಲಿ ಹೌಸ್ ಎಂಬ ಮನೆಯಲ್ಲಿದ್ದ ಜೇಮ್ಸ್ ಯಂಗ್‌ನನ್ನು ಜನ ‘ಪ್ಯಾರಾಫಿನ್ ಯಂಗ್’ ಎಂದೇ ಕರೆಯುತ್ತಿದ್ದರು. ಕಲ್ಲಿದ್ದಲಿನಿಂದಲೂ ಆಮೇಲೆ ಎಣ್ಣೆ ತುಂಬಿದ ಜೇಡಿಕಲ್ಲಿನಿಂದಲೂ ದೀಪದೆಣ್ಣೆ ಇಳಿಸುವ ವಿಧಾನಕ್ಕೆ 1850ರಲ್ಲಿ ಪೇಟೆಂಟ್ ಪಡೆದು ಹಣ ಮಾಡಿದವನು. ಆಫ್ರಿಕ ಸುತ್ತಿದ ಡೇವಿಡ್ ಲಿವಿಂಗ್‌ಸ್ಟನ್ ಅವನ ವಿದ್ಯಾರ್ಥಿ ದಿನಗಳ ಗೆಳೆಯ. ಅವನ ಪ್ರಯಾಣಗಳಿಗೆ ಹಣ ಕೊಟ್ಟವರಲ್ಲಿ ಯಂಗ್ ಕೂಡ ಒಬ್ಬ. 1883ರಲ್ಲಿ ಯಂಗ್ ತೀರಿಕೊಂಡದ್ದು ಈ ಮನೆಯಲ್ಲೇ. ಆ ಮನೆ 1913ರಲ್ಲಿ ಸುಟ್ಟುಹೋಯಿತು. ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರ ಕೈವಾಡ ಎಂದು ಆಗ ಸಂಶಯಪಟ್ಟರು. ಇಂಥವರ ಪಕ್ಕಕ್ಕೆ ರೈಲು ಹೋಯಿತು. ಪಕ್ಕದ ಮನೆಯವರು ಎಣ್ಣೆಯ ಸಾಹುಕಾರ, ಹಡಗಿನ ಸಾಹುಕಾರ. ಅಂಥ ನೆರೆಹೊರೆಯಲ್ಲಿ ಜನಸಾಮಾನ್ಯರ ರೈಲು ನಿಲ್ದಾಣ ಅಂದವಾಗಿ ಇರಲೇಬೇಕಾಗುತ್ತದೆ ಎಂದು ನನ್ನ ಊಹೆ.

ಆದರೆ ಮೊದಲ ನಿಲ್ದಾಣ ಅಂಥ ಅಂದದ್ದೇನೂ ಆಗಿರಲಿಲ್ಲ. ಕೆಲಸವೂ ಅಷ್ಟಕ್ಕಷ್ಟೆ. ಒಂಟಿ ಹಳಿ, ಕಡಿದಾದ ಏರು, ತುಂಬಿದ ರೈಲು. ಅದು ತಡವಾದರೆ ಹಡಗು ಕಾಯಬೇಕು, ಹಡಗು ಕಾದರೆ ಮುಂದಿನ ಊರುಗಳೆಲ್ಲ ತಡ. ಹಳಿ ಒಂದು ಕಂಪನಿಯದು, ಅದರ ಮೇಲೆ ರೈಲು ಓಡಿಸುವುದು ಕ್ಯಾಲೆಡೋನಿಯನ್ ಎಂಬ ದೊಡ್ಡ ಕಂಪನಿ, ಹಡಗುಗಳದ್ದು ಇನ್ನೊಂದು ಕಂಪನಿ. ತಪ್ಪನ್ನು ಒಬ್ಬರು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಇದಕ್ಕಿಂತ ಅನುಕೂಲ ಬೇಕೆ? ಮೊದಲ ಹಡಗು ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಆಮೇಲೆ ಬಂದ ಗಿಲೀಸ್ ಅಂಡ್ ಕ್ಯಾಂಬೆಲ್ ಎಂಬ ಖಾಸಗಿ ಮಾಲೀಕರು ಬಹಳ ಕಾಲ ಓಡಿಸಿದರು. 1890ರಲ್ಲಿ ರೈಲ್ವೆಯ ಜೊತೆ ಮುರಿದುಕೊಂಡು ಅವರೂ ಹೊರಟುಹೋದರು.

ಈ ನಡುವೆ ನದಿಯ ಮೇಲೆ ಯುದ್ಧವೇ ಶುರುವಾಗಿತ್ತು. ಎದುರಾಳಿ ಕಂಪನಿ 1869ರಲ್ಲಿ ಗ್ರೀನಕ್‌ನ ಪ್ರಿನ್ಸಸ್ ಪಿಯರ್‌ಗೆ ನೇರ ಧಕ್ಕೆಯ ಮೇಲೇ ರೈಲು ತಂದಿತು. ಓಣಿಯ ನಡಿಗೆ ಇಲ್ಲ! ಕ್ಯಾಲೆಡೋನಿಯನ್‌ನ ಜನವೆಲ್ಲ ಅತ್ತ ವಾಲಿದರು. 1882ರಲ್ಲಿ ಇನ್ನೊಂದು ಕಂಪನಿ ನದಿಯ ಆ ದಂಡೆಯ ಕ್ರೇಗೆಂಡೊರಾನ್‌ನಲ್ಲಿ ಧಕ್ಕೆ ಕಟ್ಟಿತು. ಕ್ಯಾಲೆಡೋನಿಯನ್ ಸುಮ್ಮನಿರಲಿಲ್ಲ. ಗ್ರೀನಕ್ ಊರಿನ ಅಡಿಯಲ್ಲೇ ಸುರಂಗ ಕೊರೆದು 1889ರಲ್ಲಿ ಗೂರಕ್‌ಗೆ ರೈಲು ಮುಟ್ಟಿಸಿತು. ಒಂದು ಮೈಲಿಗೂ ಉದ್ದದ ಆ ಸುರಂಗ ಸ್ಕಾಟ್ಲೆಂಡಿನ ಅತಿ ಉದ್ದದ ರೈಲು ಸುರಂಗ. ತನ್ನದೇ ಹಡಗು ಇಟ್ಟುಕೊಳ್ಳಲು ಸಂಸತ್ತನ್ನು ಕೇಳಿತು. ಸಂಸತ್ತು ಒಪ್ಪಲಿಲ್ಲ. ಆಗ ಏನು ಮಾಡಿದರು? ಅದೇ ವರ್ಷ ‘ಕ್ಯಾಲೆಡೋನಿಯನ್ ಸ್ಟೀಮ್ ಪ್ಯಾಕೆಟ್’ ಎಂಬ ಬೇರೆ ಕಂಪನಿ ಹುಟ್ಟುಹಾಕಿದರು. ಹೆಸರಿಗೆ ಬೇರೆ, ಒಳಗೆ ಅವರೇ. ಕಾನೂನಿನ ಕಂಬಿಗಳ ನಡುವೆ ನುಸುಳುವ ವಿದ್ಯೆ ಯಾವ ದೇಶದಲ್ಲೂ ಕಡಿಮೆ ಇಲ್ಲ.

1893ರಲ್ಲಿ ವೀಮ್ಸ್ ಬೇ ಹಾದಿಯೂ ಪೂರ್ತಿಯಾಗಿ ಕ್ಯಾಲೆಡೋನಿಯನ್ ಪಾಲಾಯಿತು. ಈಗ ಹಳಿ, ರೈಲು, ಹಡಗು ಮೂರೂ ಒಂದೇ ಕೈಯಲ್ಲಿ. ಮೂರೂ ಒಂದೇ ಕೈಗೆ ಬಂದ ಮೇಲೆ ಉಳಿದದ್ದು ಅವುಗಳ ನಡುವಿನ ನಡಿಗೆ ಮಾತ್ರ. ಜುಲೈ ತಿಂಗಳ ಎರಡನೆಯ ಭಾಗದಲ್ಲಿ ‘ಗ್ಲಾಸ್ಗೋ ಫೇರ್’ ಬರುತ್ತದೆ. ಹೆಸರಿಗೆ ಜಾತ್ರೆ. ಶತಮಾನಗಳ ಹಿಂದೆ ನಿಜವಾಗಿಯೂ ಜಾತ್ರೆಯೇ ಆಗಿತ್ತು. ಹೊತ್ತುಹೊತ್ತಿಗೆ ಅದು ಕಾರ್ಖಾನೆಗಳ ವಾರ್ಷಿಕ ರಜೆಯಾಗಿ ಬದಲಾಗಿತ್ತು. ಹಡಗುಕಟ್ಟೆಗಳು, ಎರಕದ ಮನೆಗಳು, ಗಿರಣಿಗಳು ಒಟ್ಟಿಗೆ ಬಾಗಿಲು ಮುಚ್ಚುತ್ತಿದ್ದವು. ಇಡೀ ನಗರ ಒಂದೇ ದಿನ ಸಮುದ್ರದ ಕಡೆಗೆ ಹೊರಡುತ್ತಿತ್ತು. ಒಂದು ಕೋಣೆ ಬಾಡಿಗೆಗೆ ಹಿಡಿದು ಅದರಲ್ಲಿ ಎಂಟು ಜನ ಮಲಗಿ, ಹೊತ್ತು ತಂದ ಹಿಟ್ಟು ಸಕ್ಕರೆಯಲ್ಲಿ ಅಡುಗೆ ಮಾಡಿಕೊಂಡು ಕಳೆಯುವ ರಜೆ. ಅದಕ್ಕೆ ತಗಡಿನ ಪೆಟ್ಟಿಗೆಗಳು, ಹಾಸಿಗೆ, ಕೂಸು, ಅಜ್ಜಿ ಎಲ್ಲವೂ ಜೊತೆಗೆ. ಇಂಥ ಜನಸಾಗರವನ್ನು ರೈಲಿನಿಂದ ಹಡಗಿಗೆ, ನೂಕುನುಗ್ಗಲಿಲ್ಲದೆ, ನೆನೆಯದೆ, ಕೆಲವೇ ನಿಮಿಷಗಳಲ್ಲಿ ದಾಟಿಸುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟವರು ಇಬ್ಬರು. ಒಬ್ಬ ಕ್ಯಾಲೆಡೋನಿಯನ್‌ನ ಮುಖ್ಯ ಎಂಜಿನಿಯರ್ ಡೊನಾಲ್ಡ್ ಮ್ಯಾಥಿಸನ್. ಇನ್ನೊಬ್ಬ ವಾಸ್ತುಶಿಲ್ಪಿ ಜೇಮ್ಸ್ ಮಿಲ್ಲರ್. ಮಿಲ್ಲರ್ 1901ರ ಗ್ಲಾಸ್ಗೋ ಅಂತರರಾಷ್ಟ್ರೀಯ ವಸ್ತುಪ್ರದರ್ಶನದ ಕಟ್ಟಡಗಳನ್ನು ರಚಿಸಿ ಹೆಸರು ಮಾಡಿದ್ದವನು. ನಗರದ ನಡುವೆ ಸೇಂಟ್ ಈನಕ್ ಚೌಕದಲ್ಲಿ ಪುಟ್ಟ ಕೆಂಪು ಕೋಟೆಯಂಥ ಕಟ್ಟಡವಿದೆಯಲ್ಲ, ಈಗ ಕಾಫಿ ಮಾರುತ್ತಾರೆ, ಅದು ಹಳೆಯ ಸುರಂಗ ರೈಲಿನ ಟಿಕೆಟ್ ಕಚೇರಿ. ಅದೂ ಅವನದೇ. ಮ್ಯಾಥಿಸನ್ ತಲೆಯಲ್ಲಿದ್ದ ವಿಚಾರ ಬಹಳ ಸರಳ: ಗುಂಪು ನೀರಿನ ಹಾಗೆ. ತಡೆ ಕಡಿಮೆ ಇರುವ ಕಡೆ ಹರಿಯುತ್ತದೆ. ನೇರವಾದ ಮೂಲೆ ಎದುರಾದರೆ ಸುಳಿಗಟ್ಟಿ ನಿಲ್ಲುತ್ತದೆ. ಹೊಳೆಯ ದಡವನ್ನು ಯಾರೂ ಚೌಕಾಕಾರಕ್ಕೆ ಕತ್ತರಿಸುವುದಿಲ್ಲ, ನೀರೇ ಅದನ್ನು ಸವೆಸಿ ಬಾಗಿಸುತ್ತದೆ. ಹಾಗಿದ್ದರೆ ನಿಲ್ದಾಣವನ್ನೂ ಮೊದಲೇ ಬಾಗಿಸಿ ಕಟ್ಟಿಬಿಟ್ಟರಾಯಿತು.

1903ರ ಡಿಸೆಂಬರಿನಲ್ಲಿ ಹೊಸ ನಿಲ್ದಾಣ ತೆರೆಯಿತು. ಹೊರಗಿನಿಂದ ನೋಡಿದರೆ ರೈಲು ನಿಲ್ದಾಣವೆನಿಸುವುದಿಲ್ಲ. ಕೆಳಗೆ ಕೆಂಪು ಮರಳುಗಲ್ಲು, ಮೇಲೆ ಒರಟು ಗಾರೆಯ ಬಿಳಿ ಗೋಡೆ, ಮರದ ಪಟ್ಟಿಗಳ ಮುಮ್ಮುಖ, ಕೆಂಪು ಹೆಂಚು, ಪಕ್ಕಕ್ಕೆ ಅರವತ್ತು ಅಡಿಯ ಗಡಿಯಾರದ ಗೋಪುರ. ಯಾರದೋ ಹಳ್ಳಿ ಬಂಗಲೆ ಎಂದುಕೊಂಡು ಒಳಗೆ ಕಾಲಿಡುತ್ತೀರಿ. ಆಗ ತಲೆ ಎತ್ತಬೇಕು. ದಯವಿಟ್ಟು ಮೊಬೈಲ್ ಎತ್ತುವ ಮೊದಲು ತಲೆ ಎತ್ತಿ.

ನಡುವೆ ಒಂದು ದುಂಡನೆಯ ಟಿಕೆಟ್ ಕಚೇರಿ. ಕೊಡೆ ಬಿಚ್ಚಿದಾಗ ನಡುಗೋಲಿನಿಂದ ಕಡ್ಡಿಗಳು ಹೊರಟು ಬಾಗುತ್ತವಲ್ಲ, ಹಾಗೆ ಆ ದುಂಡು ಕೋಣೆಯ ನೆತ್ತಿಯಿಂದ ಉಕ್ಕಿನ ತೊಲೆಗಳು ಎಲ್ಲ ದಿಕ್ಕಿಗೂ ಹೊರಟಿವೆ. ಅವುಗಳ ಮೇಲೆ ಗಾಜು. ತೊಲೆಗಳು ಕಣ್ಣಿಗೆ ಎಷ್ಟು ತೆಳುವಾಗಿ ಕಾಣುತ್ತವೆಂದರೆ ಇಷ್ಟು ಭಾರದ ಗಾಜನ್ನು ಅವು ಹೊತ್ತಿವೆ ಎಂದು ನಂಬುವುದು ಕಷ್ಟ. ಬಿಸಿಲಿದ್ದ ದಿನ, ಅಂಥ ದಿನ ಶನಿವಾರವೇ ಬರಲಿ ಎಂದು ಬೇಡಿಕೊಳ್ಳೋಣ, ಆ ತೊಲೆಗಳ ನೆರಳು ನೆಲದ ಮೇಲೆ ಬಲೆಯ ಹಾಗೆ ಬೀಳುತ್ತದೆ. ಮೋಡ ಸರಿದಾಗ ಬಲೆ ಮಸುಕಾಗಿ ಮತ್ತೆ ಗಾಢವಾಗುತ್ತದೆ. ನಾನು ಒಮ್ಮೆ ಮುಂದಿನ ಹಡಗಿಗೆ ಕಾಯುತ್ತ ಮುಕ್ಕಾಲು ಗಂಟೆ ಇದನ್ನೇ ನೋಡುತ್ತ ಕುಳಿತಿದ್ದೆ. ಗುಡಿಸುವಾತ ಬಂದು ‘ಎಲ್ಲ ಸರಿಯಿದೆಯೆ?’ ಎಂದು ವಿಚಾರಿಸಿ ಹೋದ.

ಟಿಕೆಟ್ ಕಚೇರಿ ದುಂಡಗಿರುವುದು ಚೆಂದಕ್ಕೆ ಎಂದುಕೊಳ್ಳಬೇಡಿ. ಗುಂಪಿನ ನಡುವೆ ಚೌಕನೆಯ ಕೋಣೆ ಇಟ್ಟಿದ್ದರೆ ಅದರ ನಾಲ್ಕು ಮೂಲೆಗಳಲ್ಲೂ ಹೋಗುವವರು ಬರುವವರಿಗೆ ಡಿಕ್ಕಿ ಹೊಡೆಯುತ್ತಿದ್ದರು. ಹೊಳೆಯ ನಡುವಿನ ಗುಂಡು ಕಲ್ಲನ್ನು ನೆನೆಸಿಕೊಳ್ಳಿ. ನೀರು ಎರಡೂ ಕಡೆ ಹಾದು ಮುಂದೆ ಮತ್ತೆ ಒಂದಾಗುತ್ತದೆ. ಇಲ್ಲಿಯೂ ರೈಲಿನಿಂದ ಇಳಿದವರು ಆ ದುಂಡನ್ನು ಬಳಸಿಕೊಂಡು ಹೋಗಿ, ಆಚೆ ಬದಿಯಲ್ಲಿ ಒಂದಾಗಿ, ನೇರ ಇಳಿಜಾರಿನ ಬಾಯಿಗೆ ಬರುತ್ತಾರೆ.

ಆ ಇಳಿಜಾರೇ ಇಡೀ ಕಟ್ಟಡದ ಪ್ರಾಣ. ರೈಲಿನ ಪ್ಲಾಟ್‌ಫಾರ್ಮು ಎತ್ತರದಲ್ಲಿ, ಹಡಗಿನ ಧಕ್ಕೆ ತಗ್ಗಿನಲ್ಲಿ. ಇಂಥ ಕಡೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೆಟ್ಟಿಲು ಕಟ್ಟುತ್ತಾರೆ. ಮ್ಯಾಥಿಸನ್ ಮತ್ತು ಮಿಲ್ಲರ್ ಒಂದೂ ಮೆಟ್ಟಿಲು ಇಡಲಿಲ್ಲ. ಒಂದು ಬೀದಿಯಷ್ಟು ಅಗಲವಾದ, ಗಾಜಿನ ಚಾವಣಿಯ, ಮೆಲ್ಲಗೆ ಬಾಗುತ್ತ ಕೆಳಗಿಳಿಯುವ ದಾರಿ ಕಟ್ಟಿದರು. ಪಕ್ಕದ ಗೋಡೆಗಳಿಗೂ ಸಾಲು ಕಿಟಕಿ. ದಾರಿ ಬಾಗಿರುವುದರಿಂದ ಅದರ ಕೊನೆ ಕಾಣುವುದಿಲ್ಲ, ಹಾಗಾಗಿ ‘ಅಯ್ಯೋ ಇನ್ನೂ ಇಷ್ಟು ದೂರ’ ಎಂದು ಯಾರಿಗೂ ಅನಿಸುವುದಿಲ್ಲ. ಇಳಿಜಾರಾದ್ದರಿಂದ ಕಾಲು ತಾನಾಗಿ ಚುರುಕಾಗುತ್ತದೆ. ತಳ್ಳುಗಾಡಿ, ಕೂಸಿನ ಗಾಡಿ, ಊರುಗೋಲು ಯಾವುದಕ್ಕೂ ತಡೆಯಿಲ್ಲ. ಗಾಲಿಕುರ್ಚಿಯವರಿಗಾಗಿ ಇಳಿಜಾರು ಕಟ್ಟಬೇಕು ಎಂಬ ಕಾನೂನು ಬರುವುದಕ್ಕೆ ಎಷ್ಟೋ ದಶಕ ಮೊದಲೇ ಇವರು ಅದನ್ನು ಕಟ್ಟಿದ್ದರು. ಅವರ ಮನಸ್ಸಿನಲ್ಲಿದ್ದದ್ದು ತಗಡಿನ ಪೆಟ್ಟಿಗೆ ಎಂಬುದು ಬೇರೆ ಮಾತು. ನನ್ನ ಚಕ್ರದ ಪೆಟ್ಟಿಗೆ ಅಂದು ಮುಂದೆ ಮುಂದೆ ಓಡಿದ್ದು ಈ ಲೆಕ್ಕದಿಂದ.

ಕೆಳಗಿನ ಧಕ್ಕೆಯನ್ನೂ ಆಗ ಹೊಸದಾಗಿ ಕಟ್ಟಿದರು. ಒಂದೇ ಸಲಕ್ಕೆ ಹಲವು ಹಡಗುಗಳು ನಿಲ್ಲುವಷ್ಟು ದೊಡ್ಡದು. ಒಂದು ರಾಥ್ಸಿಗೆ, ಒಂದು ಲಾರ್ಗ್ಸ್ ಮತ್ತು ಮಿಲ್‌ಪೋರ್ಟ್‌ಗೆ, ಹೀಗೆ. ಗುಂಪು ಇಳಿದು, ನದೀಮುಖದ ಕವಲುಗಳ ಹಾಗೆ ಹಂಚಿಹೋಗುತ್ತಿತ್ತು.

ನೀವು ಹೋಗುವ ರಾಥ್ಸಿಯ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ಯುವರಾಜನನ್ನು ಲಂಡನ್ನಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಎಂದರೆ ಸ್ಕಾಟ್ಲೆಂಡಿನಲ್ಲಿ ಡ್ಯೂಕ್ ಆಫ್ ರಾಥ್ಸಿ ಎನ್ನುತ್ತಾರೆ. ಅಷ್ಟು ಗೌರವದ ಊರು. ಆದರೆ ಅಲ್ಲಿ ಇಳಿದ ಪ್ರವಾಸಿಗರು ಮೊದಲು ಹುಡುಕಿಕೊಂಡು ಹೋಗುವುದು ಕೋಟೆಯನ್ನಲ್ಲ, ಧಕ್ಕೆಯ ಮೇಲಿನ ಗಂಡಸರ ಶೌಚಾಲಯವನ್ನು. ನಗಬೇಡಿ. 1899ರಲ್ಲಿ ಕಟ್ಟಿದ್ದು. ಅಮೃತಶಿಲೆಯ ಹಾಗೆ ಹೊಳೆಯುವ ಪಿಂಗಾಣಿ, ನೆಲದ ತುಂಬ ಬಣ್ಣದ ಕಲ್ಲಿನ ಚಿತ್ತಾರ, ತಾಮ್ರದ ಕೊಳವೆಗಳು, ಗಾಜಿನ ನೀರಿನ ತೊಟ್ಟಿಗಳು. ಹೆಂಗಸರಿಗೆ ಅಂಥದ್ದನ್ನು ಕಟ್ಟಬೇಕೆಂದು ಆಗ ಯಾರಿಗೂ ತೋಚಲಿಲ್ಲ ಎನ್ನುವುದು ಆ ಕಾಲದ ಬಗ್ಗೆ ಬೇರೊಂದು ಉಪನ್ಯಾಸಕ್ಕೆ ವಸ್ತು. ಗಂಡಸರು ಯಾರೂ ಇಲ್ಲದಾಗ ಹೆಂಗಸರೂ ನೋಡಿಬರಬಹುದು. ಹಡಗು ಇಳಿದ ಕೂಡಲೇ ಅವಸರವಿದ್ದ ಸಾವಿರಾರು ಜನರಿಗಾಗಿ ಕಟ್ಟಿದ್ದು ಎಂದು ನೆನಪಿಟ್ಟರೆ, ಆಚೆ ದಡದ ಗಾಜಿನ ಇಳಿಜಾರಿಗೂ ಇದಕ್ಕೂ ನಂಟು ತಿಳಿಯುತ್ತದೆ.

ಹೊಸ ನಿಲ್ದಾಣದ ವೈಭವ ಹತ್ತೇ ವರ್ಷ. 1914ರಲ್ಲಿ ಯುದ್ಧ ಬಂತು. ಚಕ್ರದ ಹಡಗುಗಳನ್ನು, ಅಂದರೆ ಪಕ್ಕಗಳಲ್ಲಿ ದೊಡ್ಡ ಚಕ್ರ ತಿರುಗಿಸಿ ಸಾಗುವವನ್ನು, ನೌಕಾಪಡೆ ಒಂದೊಂದಾಗಿ ಎಳೆದುಕೊಂಡು ಹೋಯಿತು. ಅವು ಆಳ ಕಡಿಮೆಯಿದ್ದ ನೀರಿನಲ್ಲಿ ಓಡಬಲ್ಲವು, ಹಾಗಾಗಿ ಸಮುದ್ರದ ಸಿಡಿಗುಂಡುಗಳನ್ನು ಗುಡಿಸುವ ಕೆಲಸಕ್ಕೆ ತಕ್ಕವು. ಕ್ಯಾಲೆಡೋನಿಯನ್‌ನ ‘ಡಚೆಸ್ ಆಫ್ ಹ್ಯಾಮಿಲ್ಟನ್’ 1915ರಲ್ಲಿ, ‘ಡಚೆಸ್ ಆಫ್ ಮಾಂಟ್ರೋಸ್’ 1917ರಲ್ಲಿ ಅದೇ ಸಿಡಿಗುಂಡುಗಳಿಗೆ ಸಿಕ್ಕು ಮುಳುಗಿದವು. ಬೇಸಿಗೆಯಲ್ಲಿ ಬ್ಯಾಂಡು ಬಾರಿಸಿಕೊಂಡು ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಹಡಗುಗಳು. ಇತ್ತ ಕ್ಲೈಡ್‌ಗೆ ಅಡ್ಡಲಾಗಿ, ಕ್ಲಾಕ್ ದೀಪಸ್ತಂಭದಿಂದ ಡನೂನ್‌ವರೆಗೆ, ಜಲಾಂತರ್ಗಾಮಿಗಳು ಒಳನುಸುಳದಂತೆ ಕಬ್ಬಿಣದ ಬಲೆ ಕಟ್ಟಿದರು. ಮೇಲಿನ ಧಕ್ಕೆಗಳೆಲ್ಲ ಬಲೆಯ ಒಳಗೆ, ವೀಮ್ಸ್ ಬೇ ಮಾತ್ರ ಹೊರಗೆ. ಹಾಗಾಗಿ ರಾಥ್ಸಿಗೆ ಹೋಗುವವರಿಗೆಲ್ಲ ಇದೊಂದೇ ಬಾಗಿಲು. ಎರಡನೆಯ ಯುದ್ಧದಲ್ಲೂ ಇದೇ ಕಥೆ. 1860ರ ದಶಕದಲ್ಲಿ ನಕ್ಷೆ ನೋಡಿ ಆರಿಸಿದ ಜಾಗದ ಬೆಲೆ ಆಗ ಗೊತ್ತಾಯಿತು.

ಕಂಪನಿಗಳ ಹೆಸರು ಬದಲಾದದ್ದನ್ನು ಬೇಗ ಮುಗಿಸುತ್ತೇನೆ: 1923ರಲ್ಲಿ ಎಲ್‌ಎಂಎಸ್ (ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ), 1948ರಲ್ಲಿ ಸರ್ಕಾರದ ಬ್ರಿಟಿಷ್ ರೈಲ್ವೇಸ್. ನಿಜವಾದ ಬದಲಾವಣೆ ಬಂದದ್ದು ನಾಲ್ಕು ಚಕ್ರದ ಮೇಲೆ. 1954ರಲ್ಲಿ ಕ್ಲೈಡ್‌ಗೆ ಕಾರು ಹೊರುವ ಹಡಗುಗಳು ಬಂದವು: ಅರಾನ್, ಬ್ಯೂಟ್, ಕೌವಲ್. ಇಂಗ್ಲಿಷ್ ಅಕ್ಷರಮಾಲೆಯ ಮೊದಲ ಮೂರು ಅಕ್ಷರಗಳಾದ್ದರಿಂದ ಇವುಗಳನ್ನು ‘ಎಬಿಸಿ’ ಹಡಗುಗಳೆಂದೇ ಕರೆದರು. ಇಲ್ಲಿಯ ಸಮುದ್ರದ ಏರಿಳಿತ ಸುಮಾರು ಮೂರು ಮೀಟರ್. ಮನುಷ್ಯ ಹಲಗೆಯ ಮೇಲೆ ಏರಿಯೋ ಇಳಿದೋ ಹಡಗು ಸೇರುತ್ತಾನೆ, ಕಾರು ಏನು ಮಾಡಬೇಕು? ಹಡಗಿನೊಳಗೇ ಒಂದು ಎತ್ತುವ ವೇದಿಕೆ ಇಟ್ಟರು. ಅದನ್ನು ಧಕ್ಕೆಯ ಮಟ್ಟಕ್ಕೆ ತಂದು, ಕಾರುಗಳನ್ನು ಹತ್ತಿಸಿಕೊಂಡು, ಕೆಳಗಿಳಿಸಿ, ಮತ್ತೆ ಮೇಲಕ್ಕೆ. ನಿಧಾನದ ಕೆಲಸ, ಆದರೆ ಹಳೆಯ ಧಕ್ಕೆಯನ್ನು ಒಡೆಯಬೇಕಾಗಿರಲಿಲ್ಲ. ನೀರಿನ ಜೊತೆ ಏರಿಳಿಯುವ ಸೇತುವೆ ಇಲ್ಲಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ.

ಕಾರಿನಲ್ಲಿ ಬಂದವನು ಗಾಜಿನ ಇಳಿಜಾರನ್ನು ನೋಡುವುದೇ ಇಲ್ಲ, ಪಕ್ಕದ ರಸ್ತೆಯಿಂದ ನೇರ ಹಡಗಿನ ಹೊಟ್ಟೆಗೆ. ಇನ್ನೊಂದು ಕಡೆ, ಅರವತ್ತರ ದಶಕದಲ್ಲಿ ವಿಮಾನ ಅಗ್ಗವಾಯಿತು. ರಾಥ್ಸಿಯ ಒಂದು ಕೋಣೆಯ ಬಾಡಿಗೆಗೆ ಇನ್ನಷ್ಟು ಸೇರಿಸಿದರೆ ಸ್ಪೇನಿನ ಬಿಸಿಲು ಸಿಗುತ್ತದೆ ಎಂದಾಗ ಮಳೆಯಲ್ಲಿ ನೆನೆಯಲು ಯಾರು ಬರುತ್ತಾರೆ? ಹಳೆಯ ಎದುರಾಳಿಗಳು ಒಬ್ಬೊಬ್ಬರಾಗಿ ಕಣ್ಮುಚ್ಚಿದರು. ಪ್ರಿನ್ಸಸ್ ಪಿಯರ್‌ನ ಹಡಗು ರೈಲುಗಳು ಅರವತ್ತರ ದಶಕದಲ್ಲಿ ನಿಂತವು, ಕ್ರೇಗೆಂಡೊರಾನ್ ಧಕ್ಕೆ 1972ರಲ್ಲಿ ಮುಚ್ಚಿತು. ವೀಮ್ಸ್ ಬೇ ಉಳಿಯಿತು. 1967ರಲ್ಲಿ ಈ ಹಾದಿಗೆ ವಿದ್ಯುತ್ ಬಂತು. 1973ರಲ್ಲಿ ಕ್ಯಾಲೆಡೋನಿಯನ್ ಸ್ಟೀಮ್ ಪ್ಯಾಕೆಟ್ ಪಶ್ಚಿಮ ದ್ವೀಪಗಳ ಮ್ಯಾಕ್‌ಬ್ರೇನ್ ಕಂಪನಿಯ ಜೊತೆ ಸೇರಿ ಇಂದಿನ ‘ಕ್ಯಾಲ್‌ಮ್ಯಾಕ್’ ಆಯಿತು. ಸಂಸತ್ತಿನ ಕಣ್ಣು ತಪ್ಪಿಸಲು ಇಟ್ಟ ಹೆಸರಿನ ಮೊದಲರ್ಧ ಇನ್ನೂ ಹಡಗಿನ ಮೈಮೇಲಿದೆ.

ಆದರೆ ಉಳಿಯುವುದು ಬೇರೆ, ಚೆನ್ನಾಗಿರುವುದು ಬೇರೆ. ಉಪ್ಪುಗಾಳಿ, ಉಕ್ಕು, ಗಾಜು ಈ ಮೂರಕ್ಕೆ ಎಂದೂ ಆಗಿಬರುವುದಿಲ್ಲ. ಮಳೆ ಸೋರುವುದು, ಬಣ್ಣ ಏಳುವುದು, ಒಡೆದ ಗಾಜಿನ ಜಾಗಕ್ಕೆ ಸಿಕ್ಕಿದ್ದನ್ನು ಹೊದಿಸುವುದು. ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳಲ್ಲಿ ಇದಕ್ಕೆ ‘ಎ’ ವರ್ಗದ ಸ್ಥಾನವಿದೆ, ಅದಕ್ಕಿಂತ ಮೇಲಿನ ವರ್ಗವಿಲ್ಲ. ಆ ಸ್ಥಾನ ಕೆಡವುವುದನ್ನು ತಡೆಯುತ್ತದೆ, ಸೋರುವುದನ್ನಲ್ಲ. ಕೊನೆಗೆ ದೊಡ್ಡ ದುರಸ್ತಿ ಮುಗಿದದ್ದು 2016ರಲ್ಲಿ. ಇಂದು ಅಲ್ಲಿ ಮೇಲಿನಿಂದ ತೂಗುವ ಹೂಬುಟ್ಟಿಗಳು, ಹಳೆಯ ಪುಸ್ತಕಗಳ ಪುಟ್ಟ ಅಂಗಡಿ, ಎಲ್ಲವನ್ನೂ ನೋಡಿಕೊಳ್ಳುವವರು ‘ನಿಲ್ದಾಣದ ಗೆಳೆಯರು’ ಎಂಬ ಊರಿನ ಸ್ವಯಂಸೇವಕರು. ಪುಸ್ತಕದಂಗಡಿಗೆ ಹೋದರೆ ಹತ್ತು ನಿಮಿಷ ಎಂದು ಹೋಗಬೇಡಿ. ಹಡಗು ತಪ್ಪಿಸಿಕೊಂಡ ಅನುಭವಸ್ಥ ಹೇಳುತ್ತಿದ್ದೇನೆ.

ಇನ್ವರ್ಕಿಪ್ ಹತ್ತಿರ ಬಂದಾಗ ಬಲಗಡೆ ದಂಡೆಯಲ್ಲಿ ಖಾಲಿ ಜಾಗ ಕಾಣುತ್ತದೆ. ಅಲ್ಲಿ ಎಣ್ಣೆಯಿಂದ ವಿದ್ಯುತ್ ತಯಾರಿಸುವ ಸ್ಥಾವರವಿತ್ತು. ಕಟ್ಟುತ್ತಿದ್ದಾಗಲೇ 1973ರ ಎಣ್ಣೆ ಬಿಕ್ಕಟ್ಟು ಬಂತು, ಎಣ್ಣೆಯ ಬೆಲೆ ಏರಿತು. ಅದು ಪೂರ್ತಿ ಬಲದಿಂದ ಓಡಿದ್ದೇ ಅಪರೂಪ. ಅದರ 778 ಅಡಿಯ ಹೊಗೆಕೊಳವೆಯನ್ನು 2013ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಅರವತ್ತು ಅಡಿಯ ಗಡಿಯಾರದ ಗೋಪುರ ಮುಂದಿನ ನಿಲ್ದಾಣದಲ್ಲಿ ಹಾಗೆಯೇ ನಿಂತಿದೆ. ಎಣ್ಣೆಯ ಸಾಹುಕಾರ ಯಂಗ್ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಸಭೆಯಿಂದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಇಳಿಯುವುದಕ್ಕೆ ಇಷ್ಟು ಸುಲಭವಾದ ದಾರಿ, ಸಂಜೆ ವಾಪಸು ಬರುವಾಗ ಏರಾಗುತ್ತದಲ್ಲ? ಹೌದು, ಆಗುತ್ತದೆ. ರಜೆ ಮುಗಿಸಿ, ಹಣ ಖರ್ಚಾಗಿ, ಮಕ್ಕಳು ಹೆಗಲ ಮೇಲೆ ನಿದ್ದೆಹೋಗಿ, ನಾಳೆ ಬೆಳಗ್ಗೆ ಹಡಗುಕಟ್ಟೆಯ ಕೆಲಸಕ್ಕೆ ಹೋಗಬೇಕಾದ ಜನ ಅದೇ ದಾರಿಯನ್ನು ಹತ್ತುತ್ತಿದ್ದರು. ಏರು ಕಡಿದಲ್ಲ, ಆದರೂ ಏರೇ. ಪೈಪೋಟಿಯಲ್ಲಿ ಹೋಗುವವರನ್ನು ಬೇಗ ಹಡಗು ಹತ್ತಿಸುವುದೇ ಮುಖ್ಯವಾಗಿತ್ತು ಎಂದು ನನ್ನ ಅಂದಾಜು. ಮನೆಗೆ ಮರಳುವವರಿಗೆ ಬೇರೆ ದಾರಿಯೇನಿದೆ, ಹೇಗೂ ಬರುತ್ತಾರೆ.

ಶನಿವಾರದ ವ್ಯವಸ್ಥೆ: ಗ್ಲಾಸ್ಗೋ ಸೆಂಟ್ರಲ್‌ನಲ್ಲಿ ತೂಗುವ ಗಡಿಯಾರದ ಕೆಳಗೆ ಎಂಟೂವರೆಗೆ ಸೇರೋಣ. ರೈಲಿಗೆ ಒಂದು ಗಂಟೆಗೆ ಸ್ವಲ್ಪ ಕಡಿಮೆ, ಹಡಗಿಗೆ ಮೂವತ್ತೈದು ನಿಮಿಷ. ಸೆಂಟ್ರಲ್ ನಿಲ್ದಾಣವನ್ನು ವಿಸ್ತರಿಸಿದವರೂ ಇದೇ ಮ್ಯಾಥಿಸನ್ ಮತ್ತು ಮಿಲ್ಲರ್, 1901ರಿಂದ 1906ರವರೆಗೆ. ಬೇಗ ಬಂದವರು ಕಾಯುವಾಗ ಸುತ್ತಲಿನ ಹಳೆಯ ಮರದ ಕಟ್ಟಡಗಳ ಅಂಚಿನ ಮೇಲೆ ಕೈಯಾಡಿಸಿ ನೋಡಿ. ಚೂಪಾದ ಮೂಲೆ ಸಿಕ್ಕರೆ ನನಗೆ ಹೇಳಿ, ರಾಥ್ಸಿಯಲ್ಲಿ ಐಸ್‌ಕ್ರೀಮ್ ನನ್ನ ಖರ್ಚು.